ಕೆಂಪು ಟೋಪಿಯವರು ಪಕ್ಕಕ್ಕೆ ಸರಿಯುವವರೆಗೆ

ಅಮೆರಿಕದ ಮಧ್ಯಪಶ್ಚಿಮದಲ್ಲಿರುವ ಈ ವಿಶ್ವವಿದ್ಯಾಲಯದ ಊರಿಗೆ ನಾವು ಬಂದು 14 ವರ್ಷಗಳಾದವು. ಮಗಳು ಮಾರ್ಚಿಂಗ್ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸುವುದರಿಂದ ಶರತ್ಕಾಲದ ಶನಿವಾರಗಳನ್ನು ನಾನು ಕಾಲೇಜು ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಮುನ್ನುಗ್ಗುವ ಅಮೆರಿಕನ್ ಫುಟ್‌ಬಾಲ್) ಕ್ರೀಡಾಂಗಣದಲ್ಲೇ ಕಳೆಯುತ್ತೇನೆ. ಪಂದ್ಯಗಳು ತೀರಾ ಉದ್ದವಾಗಿವೆ ಎಂಬ ದೂರು ಅಲ್ಲಿ ವಾರವಾರವೂ ಕಿವಿಗೆ ಬೀಳುತ್ತದೆ. ದೂರು ನಿಜ. ಆದರೆ ಅದಕ್ಕೆ ಮಾಡಿರುವ ಮದ್ದು ತಪ್ಪು ಎಂದು ನನಗೆ ಬಲವಾಗಿ ಅನ್ನಿಸಿದೆ.

ಲೆಕ್ಕಕ್ಕೆ ಇದು ತಲಾ 15 ನಿಮಿಷಗಳ 4 ಕ್ವಾರ್ಟರ್‌ಗಳ, ಅಂದರೆ 60 ನಿಮಿಷಗಳ ಆಟ. ನಡುವೆ 20 ನಿಮಿಷಗಳ ಹಾಫ್‌ಟೈಮ್. ಚೆಂಡು ಗೆರೆಯಾಚೆ ಹೋದಾಗ, ಪಾಸ್ ನೆಲಕ್ಕೆ ಬಿದ್ದಾಗ ಗಡಿಯಾರ ನಿಲ್ಲುವುದರಿಂದ ಒಂದಷ್ಟು ಹೊತ್ತು ಹೆಚ್ಚಾಗುವುದು ಸಹಜ. ಆದರೂ ದೊಡ್ಡ ತಂಡಗಳ ಪಂದ್ಯ 3 ಗಂಟೆ 20 ನಿಮಿಷಗಳನ್ನು ಸುಲಭವಾಗಿ ದಾಟುವುದೇಕೆ ಎಂಬುದಕ್ಕೆ ಉತ್ತರ ಮೈದಾನದಲ್ಲೇ ನಿಂತಿರುತ್ತದೆ. ಕೆಂಪು ಟೋಪಿ ಧರಿಸಿದ ಒಬ್ಬರು ಗೆರೆ ದಾಟಿ ಒಳಗೆ ಬಂದರೆಂದರೆ ಟಿವಿಯಲ್ಲಿ ಜಾಹೀರಾತು ಶುರುವಾಯಿತೆಂದು ಅರ್ಥ. ಅವರು ಪಕ್ಕಕ್ಕೆ ಸರಿಯುವವರೆಗೆ ರೆಫರಿ ಆಟ ಶುರು ಮಾಡುವಂತಿಲ್ಲ. ಟಚ್‌ಡೌನ್ ಆದ ಮೇಲೆ, ಅಂದರೆ ಎದುರಾಳಿಯ ತುದಿಗೆರೆಯಾಚೆ ಚೆಂಡು ಒಯ್ದು ಅಂಕ ಗಳಿಸಿದ ಮೇಲೆ, ಒಂದು ವಿರಾಮ, ಚೆಂಡನ್ನು ಒದ್ದು ಎದುರಾಳಿಗೆ ಕೊಡುವ ಕಿಕ್‌ಆಫ್‌ಗಾಗಿ ಕೆಲವೇ ಸೆಕೆಂಡುಗಳ ಆಟ, ಕೂಡಲೇ ಇನ್ನೊಂದು ವಿರಾಮ. ನವೆಂಬರಿನ ರಾತ್ರಿ, ಹಿಮ ಬೀಳುವ ಹೊತ್ತಿನಲ್ಲಿ, 22 ಹುಡುಗರು ಕೈ ಉಜ್ಜಿಕೊಳ್ಳುತ್ತಾ ಸುಮ್ಮನೆ ನಿಂತಿರುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

2023ರಲ್ಲಿ, ಕಾಲೇಜು ಕ್ರೀಡೆಗಳ ನಿಯಮ ರೂಪಿಸುವ ಸಂಸ್ಥೆಯಾದ ಎನ್‌ಸಿಎಎ ಕೈಹಾಕಿದ್ದು ಆಟಕ್ಕೇ. ತಂಡವೊಂದು ಫಸ್ಟ್ ಡೌನ್ ಗಳಿಸಿದೊಡನೆ, ಅಂದರೆ ನಾಲ್ಕು ಯತ್ನಗಳೊಳಗೆ 10 ಗಜ ಮುನ್ನಡೆದೊಡನೆ, ಗಡಿಯಾರವನ್ನು ಸ್ವಲ್ಪ ನಿಲ್ಲಿಸುವ ಪದ್ಧತಿ 1968ರಿಂದಲೂ ಕಾಲೇಜು ಆಟದ ಗುರುತಾಗಿತ್ತು. ಈಗ ಪ್ರತಿ ಅರ್ಧದ ಕೊನೆಯ 2 ನಿಮಿಷಗಳನ್ನು ಬಿಟ್ಟರೆ ಅದು ಇಲ್ಲ. ಇದರಿಂದ ಪಂದ್ಯ ಕೆಲವು ನಿಮಿಷ ಮೊಟಕಾಗಿದೆ, ಆದರೆ ಮೊಟಕಾದದ್ದು ಆಟದ ಪಾಲು. ಡಿಕ್ಕಿಗಳು ಕಡಿಮೆಯಾದರೆ ಹುಡುಗರ ಮೈಗೆ ಒಳ್ಳೆಯದು ಎಂಬ ವಾದವನ್ನು, ಮಕ್ಕಳಿರುವವನಾಗಿ, ನಾನು ಗೌರವಿಸುತ್ತೇನೆ. ಆದರೆ ಅದೇ ಕಾಳಜಿ ಇರುವವರು ಮರುವರ್ಷವೇ ರಾಷ್ಟ್ರೀಯ ಪ್ಲೇಆಫ್ ಅನ್ನು 4 ತಂಡಗಳಿಂದ 12ಕ್ಕೆ ಏರಿಸಿ ಪಂದ್ಯಗಳನ್ನೇ ಹೆಚ್ಚಿಸಿದ್ದು ಹೇಗೆ ಎಂಬುದು ನನಗೆ ಅರ್ಥವಾಗಿಲ್ಲ. ಆ 2024ರಲ್ಲೇ ಪ್ರತಿ ಅರ್ಧದ ಕೊನೆಗೆ 2 ನಿಮಿಷ ಉಳಿದಾಗ ಆಟ ತಾನಾಗಿ ನಿಲ್ಲುವ ಹೊಸ ಟೈಮ್‌ಔಟ್ ಕೂಡ ಬಂತು.

2023ರ ಅಕ್ಟೋಬರಿನಲ್ಲಿ, ಸ್ನೇಹಿತರೊಬ್ಬರ ಮಗ ಆಡುತ್ತಾನೆಂದು, ಎನ್‌ಸಿಎಎಯ ಕೆಳ ಹಂತವಾದ ಮೂರನೆಯ ಡಿವಿಷನ್ನಿನ ಸಣ್ಣ ಕಾಲೇಜೊಂದರ ಪಂದ್ಯಕ್ಕೆ ಹೋಗಿದ್ದೆ. ಆ ವರ್ಷ ಮೂರನೆಯ ಡಿವಿಷನ್ ಹೊಸ ನಿಯಮಕ್ಕೆ ಒಳಪಟ್ಟಿರಲಿಲ್ಲ. ಫಸ್ಟ್ ಡೌನ್‌ಗೆ ಗಡಿಯಾರ ಹಿಂದಿನಂತೆಯೇ ನಿಲ್ಲುತ್ತಿತ್ತು. ಆದರೂ ಮಧ್ಯಾಹ್ನ 1 ಗಂಟೆಗೆ ಶುರುವಾದ ಪಂದ್ಯ 4 ಗಂಟೆಯೊಳಗೆ ಮುಗಿಯಿತು. ಕೆಂಪು ಟೋಪಿಯವರು ಅಲ್ಲಿರಲಿಲ್ಲ. ಹಳೆಯ ನಿಯಮದಲ್ಲೇ ದೋಷವಿದ್ದಿದ್ದರೆ ಅದು ಅಲ್ಲಿಯೂ ಕಾಣಬೇಕಿತ್ತು.

ಜಾಹೀರಾತೇ ಬೇಡವೆಂದು ನಾನು ಹೇಳುತ್ತಿಲ್ಲ. ಕ್ರಿಕೆಟ್ ನೋಡಿ ಬೆಳೆದ ನಮಗೆ ಓವರ್ ಮುಗಿದಾಗಲೆಲ್ಲ ಜಾಹೀರಾತು ನೋಡಿ ಅಭ್ಯಾಸವಿದೆ. ಫೀಲ್ಡರುಗಳು ಹೇಗಿದ್ದರೂ ಜಾಗ ಬದಲಿಸುವ ಆ ಬಿಡುವಿನಲ್ಲೇ ಅದು ಬಹುಪಾಲು ಮುಗಿದುಹೋಗುತ್ತದೆ. ಇಲ್ಲಿ ಜಾಹೀರಾತಿಗಾಗಿಯೇ ಬಿಡುವನ್ನು ಸೃಷ್ಟಿಸುತ್ತಾರೆ.

ಹೊತ್ತು ಉಳಿಸಲು ಹಾಫ್‌ಟೈಮನ್ನು ಕತ್ತರಿಸಿ ಎನ್ನುವವರೂ ಇದ್ದಾರೆ. ನನ್ನ ಮಾತಿನಲ್ಲಿ ತಂದೆಯ ಪಕ್ಷಪಾತ ಇರಬಹುದು, ಆದರೂ ಅದನ್ನು ಮುಟ್ಟಬಾರದು. ಬೇಸಗೆಯ ಬಿಸಿಲಿನಿಂದಲೇ ಹೆಜ್ಜೆ ಎಣಿಸಿ ಕಲಿತ ಇನ್ನೂರಕ್ಕೂ ಹೆಚ್ಚು ಮಕ್ಕಳು ತಮ್ಮ ಕೆಲಸವನ್ನು ಜನರ ಮುಂದಿಡುವುದು ಆ ಹೊತ್ತಿನಲ್ಲೇ, ಮತ್ತು ವೃತ್ತಿಪರ ಲೀಗಿನಲ್ಲಿ ಸಿಗದ ಕಾಲೇಜಿನ ಕಳೆ ಈ ಆಟಕ್ಕೆ ಬರುವುದೂ ಅಲ್ಲಿಂದಲೇ.

ದೊಡ್ಡ ವಿಶ್ವವಿದ್ಯಾಲಯಗಳ ತಂಡಗಳು ಸೇರಿರುವ ಬಿಗ್ ಟೆನ್ ಒಕ್ಕೂಟ 2022ರಲ್ಲಿ ಮೂರು ಟಿವಿ ಜಾಲಗಳೊಂದಿಗೆ 7 ವರ್ಷಗಳಿಗೆ 700 ಕೋಟಿ ಡಾಲರಿಗೂ ಮೀರಿದ ಒಪ್ಪಂದ ಮಾಡಿಕೊಂಡಿತು. ಆ ಹಣವನ್ನು ಜಾಲಗಳು ಮರಳಿ ಗಳಿಸುವುದು ನಾವು ಕಾಯುವ ನಿಮಿಷಗಳಿಂದಲೇ. ಮುಂದಿನ ಒಪ್ಪಂದದ ಮಾತುಕತೆಗೆ ಕೂರುವಾಗ ವಿಶ್ವವಿದ್ಯಾಲಯಗಳು ಒಂದು ಷರತ್ತು ಇಡಲಿ: ಟಚ್‌ಡೌನ್ ಮತ್ತು ಕಿಕ್‌ಆಫ್ ನಂತರದ ಮೊದಲ ಆಟದ ನಡುವೆ ಒಂದಕ್ಕಿಂತ ಹೆಚ್ಚು ಜಾಹೀರಾತು ವಿರಾಮ ಇರಕೂಡದು. ಅದಕ್ಕಾಗಿ ಕೆಲವು ಕೋಟಿ ಡಾಲರು ಕಡಿಮೆ ಬಂದರೆ ಬರಲಿ.