ವ್ಲ್ಕೋಲಿನೆಟ್ಸ್‌ನವರು ಸಿಡುಕುವುದರಲ್ಲಿ ತಪ್ಪೇನಿದೆ?

ವಿಶ್ವ ಪರಂಪರೆಯ ಪಟ್ಟಿಗೆ ಸೇರಬೇಕೆಂದು ಎಷ್ಟೋ ಊರುಗಳು ವರ್ಷಗಟ್ಟಲೆ ಕಾಯುತ್ತವೆ. ಸ್ಲೊವಾಕಿಯಾದ ವ್ಲ್ಕೋಲಿನೆಟ್ಸ್ ಎಂಬ ಬೆಟ್ಟದ ಹಳ್ಳಿಯಲ್ಲಿ ಮಾತ್ರ, ಆ ಪಟ್ಟಿಯಿಂದ ನಮ್ಮ ಹೆಸರನ್ನು ತೆಗೆದುಬಿಡಿ ಎನ್ನುವವರೂ ಇದ್ದಾರೆ. ಕುಳಿತಲ್ಲಿಗೆ ಪ್ರವಾಸಿಗರು ಬಂದರೂ ಇವರಿಗೆ ಬೇಡವಂತೆ ಎಂದು ನಗುವವರನ್ನು ನೋಡಿದ್ದೇನೆ. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ.

ರುಝೊಂಬೆರೊಕ್ ಪಟ್ಟಣಕ್ಕೆ ಸೇರಿದ ಊರಿದು. ಸಿದೊರೊವೊ ಬೆಟ್ಟದ ಕೆಳಗೆ, ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. 1376ರ ದಾಖಲೆಯಲ್ಲೇ ಇದರ ಹೆಸರು ಸಿಗುತ್ತದೆ. 1944ರಲ್ಲಿ, ನಾಜಿಗಳ ವಿರುದ್ಧ ಸ್ಲೊವಾಕರು ದಂಗೆಯೆದ್ದ ಕಾಲದಲ್ಲಿ, ಊರಿನ ಒಂದು ಭಾಗ ಸುಟ್ಟುಹೋಯಿತು. ಉಳಿದದ್ದೇ ಯುನೆಸ್ಕೋ ಕಣ್ಣಿಗೆ ಬಿದ್ದು 1993ರಲ್ಲಿ ಪಟ್ಟಿ ಸೇರಿತು: ಸಾಂಪ್ರದಾಯಿಕ ರೂಪ ಕೆಡದ 45 ಕಟ್ಟಡಗಳು. ಕಲ್ಲಿನ ತಳಪಾಯ, ಅದರ ಮೇಲೆ ಅಡ್ಡಡ್ಡ ಜೋಡಿಸಿದ ಮರದ ದಿಮ್ಮಿಗಳ ಗೋಡೆ, ಅದಕ್ಕೆ ಮಣ್ಣು ಮೆತ್ತಿ ಬಳಿದ ಬಿಳಿ ಅಥವಾ ನೀಲಿ ಸುಣ್ಣ, ಮೇಲೆ ಮರದ ಸೀಳುಗಳ ಕಡಿದಾದ ಚಾವಣಿ. ಮನೆಯ ಕಿರಿದಾದ ಮೈ ಬೀದಿಗೆ; ಅಂಗಳ, ಕೊಟ್ಟಿಗೆ ಎಲ್ಲ ಹಿಂದಕ್ಕೆ. ಬೀದಿಯಲ್ಲೇ ಒಂದು ತೊರೆ ಹರಿಯುತ್ತದೆ. 1770ರ ಮರದ ಗಂಟೆಗೋಪುರ ಮತ್ತು 1860ರ ಬಾವಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದವರು ಅಪರೂಪ.

ಆದರೆ ನನ್ನನ್ನು ಕೇಳಿದರೆ ಇಲ್ಲಿನ ಅಸಲಿ ಸಂಪತ್ತು ಮನೆಗಳ ಹಿಂದೆ, ಇಳಿಜಾರಿನಲ್ಲಿದೆ. ಅಲ್ಲಿ ಉದ್ದಕ್ಕೆ ಸೀಳಿದಂಥ ಕಿರಿದಾದ ಹೊಲಗಳ ಪಟ್ಟಿಗಳು, ಹುಲ್ಲುಗಾವಲುಗಳು. ದನ, ಕುರಿ, ಕೊಯ್ಲು, ಒಣಹುಲ್ಲು ಇವೆಲ್ಲ ಇದ್ದದ್ದರಿಂದಲೇ ಆ ಮನೆಗಳಿಗೆ ಆ ಆಕಾರ ಬಂದದ್ದು. ಗೋಡೆಯ ಬಣ್ಣ ಬದಲಾದರೆ ಗದರುವವರು ಸಿಗುತ್ತಾರೆ. ಹುಲ್ಲು ಕೊಯ್ಯುವವರಿಲ್ಲದೆ ಗಾವಲು ಪೊದೆಯಾದರೆ ಕೇಳುವವರು ಯಾರು? ಈಗ ಅಲ್ಲಿ ಕಾಯಂ ಆಗಿ ವಾಸಿಸುವವರು ಬೆರಳೆಣಿಕೆಯಷ್ಟು ಜನ. ಹಲವು ಮನೆಗಳು ವಾರಾಂತ್ಯಕ್ಕೆ ಬರುವವರ ಬಿಡಾರಗಳಾಗಿವೆ.

ಉಳಿದಿರುವ ಆ ಕೆಲವರ ದಿನಚರಿಯನ್ನು ಯೋಚಿಸಿ. ಅಂಗಳದಲ್ಲಿ ಬಟ್ಟೆ ಒಣಹಾಕಿದರೂ ಯಾರೋ ಕ್ಯಾಮೆರಾ ಎತ್ತುತ್ತಾರೆ. ಟಿಕೆಟ್ ಕೊಂಡ ಮೇಲೆ ಎಲ್ಲಿ ಬೇಕಾದರೂ ಇಣುಕಬಹುದು ಎಂದು ಕೆಲವರು ತಿಳಿದಂತಿದೆ. ಮನೆಯ ಸಣ್ಣ ದುರಸ್ತಿಗೂ ನಿಯಮ ನೋಡಬೇಕು. ಹೀಗಿರುವಾಗ ಮುಖ ಸಿಂಡರಿಸಿದರೆ ಅವರನ್ನು ಜಂಬದವರು ಎನ್ನುವುದು ಅನ್ಯಾಯ.

ಪ್ರವಾಸಿಗರೇ ಬೇಡ ಎಂಬುದು ನನ್ನ ವಾದವಲ್ಲ. ಟಿಕೆಟ್ ದುಡ್ಡಿನ ಒಂದು ಪಾಲು ಮೊದಲು ಆ ಹುಲ್ಲುಗಾವಲುಗಳ ಆರೈಕೆಗೆ ಹೋಗಲಿ, ಅಲ್ಲೇ ಬದುಕುವವರಿಗೆ ನಿಯಮಗಳಲ್ಲಿ ತುಸು ಸಡಿಲಿಕೆ ಸಿಗಲಿ, ಸಂಜೆಯ ನಂತರ ಊರು ಊರಿನವರಿಗೇ ಇರಲಿ ಎನ್ನುತ್ತೇನೆ. ಯುರೋಪಿನಲ್ಲಿರುವ ನಮ್ಮವರು ತಾತ್ರಾ ಬೆಟ್ಟಗಳ ಕಡೆ ಹೋದಾಗ ಇಲ್ಲಿಗೂ ಹೋಗಿ, ಖಂಡಿತ ಹೋಗಿ. ಮನೆಯ ಒಳಗು ಹೇಗಿರುತ್ತದೆ ಎಂಬ ಕುತೂಹಲವಿದ್ದರೆ ಅದಕ್ಕೆಂದೇ ಒಂದು ರೈತನ ಮನೆಯನ್ನು ವಸ್ತುಸಂಗ್ರಹಾಲಯವಾಗಿ ತೆರೆದಿಟ್ಟಿದ್ದಾರೆ. ಪಕ್ಕದ ಮನೆಯ ಕಿಟಕಿಗೆ ಮೂಗು ಒತ್ತುವ ಅಗತ್ಯವಿಲ್ಲ.