ನೂರಕ್ಕೆ ನೂರು ಗುಣವಾಗುವ ಕಾಮಾಲೆ

ಲಿವರ್ ಸಂಶೋಧನೆಯಲ್ಲಿ ನಮ್ಮ ಶಿರಸಿ ಸೀಮೆ ಯಾರಿಗೂ ಕಮ್ಮಿ ಇಲ್ಲ. ಕಣ್ಣು ಸ್ವಲ್ಪ ಹಳದಿ ಆದರೆ ಸಾಕು, ಸಂಜೆಯೊಳಗೆ ಜಗಲಿ ತುಂಬಾ ತಜ್ಞರು. ಒಬ್ಬರ ಸೊಪ್ಪು ಕುಮಟಾ ಕಡೆ, ಇನ್ನೊಬ್ಬರದ್ದು ಅಂಕೋಲಾ ಕಡೆ, ಮತ್ತೊಬ್ಬರಿಗೆ ಸಿದ್ದಾಪುರದ ಹತ್ತಿರ ಒಂದು ಮನೆ ಗೊತ್ತು. "ಭಾನುವಾರ ಬೆಳಗಾಗುವುದರೊಳಗೆ ಖಾಲಿ ಹೊಟ್ಟೇಲಿ ಹೋಗು. ನೂರಕ್ಕೆ ನೂರು ಗುಣ."

ಕಳೆದ ಬೇಸಿಗೆಯಲ್ಲಿ ನಮ್ಮ ಭಾವನಿಗೆ ಬಂತು. ಮದುವೆಮನೆಯಲ್ಲಿ ಬಾವಿಯ ಹಸಿನೀರಿಗೆ ಬೆಲ್ಲ ಕದಡಿದ ಪಾನಕ, ತಿಂಗಳ ನಂತರ ಹಳದಿ ಕಣ್ಣು. ಕೊಳಕು ನೀರಿನಿಂದ ಬಂದು ಲಿವರಿಗೆ ಹತ್ತುವ ಹೆಪಟೈಟಿಸ್ ಎ ವೈರಸ್ ಹೊಟ್ಟೆಗೆ ಹೋದಮೇಲೆ ಮುಖ ತೋರಿಸಲಿಕ್ಕೆ 2ರಿಂದ 7 ವಾರ ಬೇಕು. ಅಷ್ಟೊತ್ತಿಗೆ ಪಾನಕ ಯಾರಿಗೆ ನೆನಪಿರುತ್ತದೆ? ಹಿಂದಿನ ದಿನ ತಿಂದ ಹಲಸಿನ ಹಣ್ಣು ಸಿಕ್ಕಿಬೀಳುತ್ತದೆ.

ದೊಡ್ಡ ಲ್ಯಾಬಿನವರು ಔಷಧ ಪರೀಕ್ಷೆ ಮಾಡುವಾಗ ಡಬಲ್ ಬ್ಲೈಂಡ್ ಅಂತ ಒಂದು ಕ್ರಮ ಇಟ್ಟುಕೊಂಡಿದ್ದಾರೆ. ನಿಜವಾದ ಗುಳಿಗೆ ಯಾರಿಗೆ, ಸುಳ್ಳು ಗುಳಿಗೆ ಯಾರಿಗೆ ಅನ್ನುವುದು ಕೊಡುವವರಿಗೂ ಗೊತ್ತಿರಬಾರದು, ನುಂಗುವವರಿಗೂ ಗೊತ್ತಿರಬಾರದು. ನಮ್ಮಲ್ಲಿ ಇದು ಅಜ್ಜನ ಕಾಲದಿಂದ ಇದೆ. ಯಾವ ಸೊಪ್ಪು ಅಂತ ರೋಗಿಗೆ ಗೊತ್ತಿಲ್ಲ, ಹೇಳಿದರೆ ಗುಣ ಹೋಗುತ್ತದಂತೆ. ಯಾವ ಕಾಮಾಲೆ ಅಂತ ಕೊಡುವವರಿಗೆ ಗೊತ್ತಿಲ್ಲ. ಕೊಳಕು ನೀರಿನ ವೈರಸ್ಸೋ, ರಕ್ತದಿಂದ ಬರುವ ಹೆಪಟೈಟಿಸ್ ಬಿ, ಸಿಯೋ, ಪಿತ್ತನಾಳದಲ್ಲಿ ಕೂತ ಕಲ್ಲೋ, ಗದ್ದೆಯಿಂದ ಹತ್ತಿದ ಇಲಿ ಜ್ವರವೋ, ದಿನಾ ಸಂಜೆ ಹಾಕುವ ಕ್ವಾರ್ಟರೋ, ಎಲ್ಲಕ್ಕೂ ಅದೇ ಒಂದು ಮುಷ್ಟಿ ಸೊಪ್ಪು, ಅದೇ ಹಾಲು.

ಲ್ಯಾಬೂ ಮನೆಯಲ್ಲೇ. ಮೂತ್ರಕ್ಕೆ ನಾಲ್ಕು ಅಗುಳು ಅನ್ನ ಹಾಕಿ ಬಣ್ಣ ನೋಡಿದರಾಯಿತು. ಕಣ್ಣು ಹಳದಿ ಮಾಡುವ ಬಿಲಿರುಬಿನ್ ಎಷ್ಟು ಅಂತ ರಕ್ತ ಕೊಡುವುದು ಸುಮ್ನೆ ದುಡ್ಡು ದಂಡ.

ಹಾಗಾದರೆ ನೂರಕ್ಕೆ ನೂರು ಹೇಗೆ? ಹೆಪಟೈಟಿಸ್ ಎ ಬಂದವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗೇ ಸುಧಾರಿಸುತ್ತಾರೆ. ಅವರೆಲ್ಲ ಸೊಪ್ಪಿನ ಲೆಕ್ಕಕ್ಕೆ. ಮಂಪರು ಹತ್ತಿ, ಮಾತು ತೊದಲಿ, ರಾತ್ರೋರಾತ್ರಿ ಹುಬ್ಬಳ್ಳಿಗೋ ಮಣಿಪಾಲಕ್ಕೋ ಸಾಗಿಸಿದವರು ಇದ್ದಾರಲ್ಲ, ಅವರು ಪಥ್ಯ ಮುರಿದವರು. ಘಟ್ಟದ ಮೇಲಿನವರಾದರೆ ಹಪ್ಪಳ ತಿಂದಿದ್ದರಂತೆ, ಕೆಳಗಿನವರಾದರೆ ಬಂಗಡೆ ಸಾರಿನ ವಾಸನೆ ತಾಗಿತ್ತಂತೆ. ಅಲ್ಲಿಗೆ ಆ ಹೆಸರು ಲೆಕ್ಕದಿಂದ ಔಟ್. (ಇಲ್ಲೇ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಜಿಲ್ಲೆಯ ಜನ ವರ್ಷಗಳಿಂದ ಗಂಟಲು ಹರಿದುಕೊಳ್ಳುತ್ತಿದ್ದಾರೆ. ಭಾಷಣಗಳಲ್ಲಿ ಅದನ್ನು ನಾಲ್ಕೈದು ಸಲ ಕಟ್ಟಿಯೂ ಆಗಿದೆ.)

ಕಾಮಾಲೆಗೆ ಕೊಡುವ ಸೊಪ್ಪುಗಳಲ್ಲಿ ಒಂದಾದ ನೆಲನೆಲ್ಲಿಯನ್ನು ನಾನು ಬೈಯುತ್ತಿಲ್ಲ. 1988ರಲ್ಲಿ ಮದರಾಸಿನ ತಂಡವೊಂದು ಅದನ್ನು ಹೆಪಟೈಟಿಸ್ ಬಿ ಇದ್ದವರಿಗೆ ಕೊಟ್ಟು ನೋಡಿತು. ಆ ವೈರಸ್ಸಿನ ಗುರುತು ಪತ್ತೆ ಮಾಡಿ 1976ರಲ್ಲಿ ನೊಬೆಲ್ ಪಡೆದ ಬ್ಲಂಬರ್ಗ್ ಕೂಡ ಜೊತೆಗಿದ್ದರು. ಔಷಧ ತಗೊಂಡ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ಆ ಗುರುತು ಮಾಯ! ಸುಳ್ಳು ಗುಳಿಗೆ ನುಂಗಿದ 23 ಜನರಲ್ಲಿ ಒಬ್ಬರದ್ದು ಮಾತ್ರ. ನಮ್ಮ ಕಡೆಯವರಾಗಿದ್ದರೆ ಮರುದಿನವೇ ರಸ್ತೆ ಬದಿಗೆ ಬೋರ್ಡ್ ಹಾಕುತ್ತಿದ್ದರು. ಸಂಶೋಧಕರು ಬೇರೆ ಬೇರೆ ಕಡೆ ಮತ್ತೆ ಮಾಡಿ ನೋಡಿದರು, ಆ ಗುಣ ಕಾಣಲಿಲ್ಲ. ಕಾಣಲಿಲ್ಲ ಅಂತ ಅಚ್ಚು ಹಾಕಿಸಿಯೂ ಬಿಟ್ಟರು. ವ್ಯವಹಾರ ಜ್ಞಾನವೇ ಇಲ್ಲದ ಜನ.

ಅಂದ ಹಾಗೆ, ಆ ಪಾನಕ ನಾನೂ ಕುಡಿದಿದ್ದೆ. ನನಗೂ ಬಂತು. ಡಾಕ್ಟರು ರಕ್ತ ನೋಡಿ, ವಿಶ್ರಾಂತಿ ಮಾಡಿ, ನೀರು ಕುದಿಸಿ ಕುಡೀರಿ, ಸಿಕ್ಕಸಿಕ್ಕ ಗುಳಿಗೆ ನುಂಗಬೇಡಿ ಅಂದರು. ಅಷ್ಟೇ ಮಾಡಿದೆ. ಭಾವನಿಗಿಂತ ನಾಲ್ಕು ದಿನ ಮೊದಲೇ ತೋಟಕ್ಕೆ ಇಳಿದೆ. ಒಂದೇ ಪಾನಕ, ಒಬ್ಬನಿಗೆ ಸೊಪ್ಪು, ಇನ್ನೊಬ್ಬನಿಗೆ ಇಲ್ಲ, ಹೋಲಿಸಲಿಕ್ಕೆ ಇದಕ್ಕಿಂತ ಏನು ಬೇಕು ಅಂತ ಜಗಲಿಯಲ್ಲಿ ವಿಷಯ ತೆಗೆದೆ.

ಭಾವ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದ, "ನಿಂಗೆ ಬಂದಿದ್ದು ಕಾಮಾಲೆನೇ ಅಲ್ಲ ಮಾರಾಯ."