ಮೇಷ್ಟ್ರಿದ್ದಾರೆ, ಸಮೀಕ್ಷೆಗೆ ಹೋಗಿದ್ದಾರೆ

ದಾವಣಗೆರೆಯನ್ನು ರೈಲು ಹಳಿ ಎರಡು ಊರಾಗಿ ಸೀಳಿದೆ. ಒಂದು ಬದಿಗೆ ವಿದ್ಯಾನಗರ, ಎಂ.ಸಿ.ಸಿ. ಬಡಾವಣೆಗಳು, ದೊಡ್ಡ ದೊಡ್ಡ ಕಾಲೇಜುಗಳು, ಟ್ಯೂಷನ್ ಬೋರ್ಡುಗಳು. ಇನ್ನೊಂದು ಬದಿಗೆ ಹಳೇ ಊರು, ಮಂಡಕ್ಕಿ ಭಟ್ಟಿಗಳ ಹೊಗೆ ಮತ್ತು ಭಟ್ಟಿ ಕಾರ್ಮಿಕರ ಮಕ್ಕಳು ಓದುವ ಸರ್ಕಾರಿ ಶಾಲೆಗಳು. ಎರಡೂ ಬದಿಯ ಮಕ್ಕಳ ಕಲಿಕೆಯಲ್ಲಿ ಅಂತರವಿದೆ ಎಂಬುದು ಇಲಾಖೆಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆ ಅಂತರ ತುಂಬಬಲ್ಲವರು ಶಿಕ್ಷಕರು ಎಂಬುದೂ ಗೊತ್ತು. ಅಷ್ಟು ಬೆಲೆಯುಳ್ಳವರನ್ನು ಬರೀ ಪಾಠಕ್ಕೆ ಹಚ್ಚಿ ಹಾಳು ಮಾಡಬಾರದೆಂಬ ಕಾಳಜಿಯಿಂದಲೇ ಸರ್ಕಾರ ಅವರನ್ನು ಉಳಿದೆಲ್ಲ ಕೆಲಸಗಳಿಗೆ ಬಳಸಿಕೊಳ್ಳುತ್ತಿದೆ.

ಈ ಕಾಳಜಿ ನೇಮಕಾತಿಯಿಂದಲೇ ಶುರುವಾಗುತ್ತದೆ. ಆರರಿಂದ ಎಂಟನೇ ತರಗತಿಗೆ ಪಾಠ ಮಾಡಬೇಕಾದ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ 2022ರ ಮೇ ತಿಂಗಳಲ್ಲಿ ಪರೀಕ್ಷೆ ನಡೆಯಿತು. ಹುದ್ದೆಗಳಷ್ಟು ಜನ ಆಯ್ಕೆಯಾಗಲೇ ಇಲ್ಲ. ಆದವರಿಗೂ ಆದೇಶ ಸಿಗಲಿಲ್ಲ. ಮದುವೆಯಾದ ಅಭ್ಯರ್ಥಿ ಜಾತಿ ಮತ್ತು ಆದಾಯದ ಪ್ರಮಾಣಪತ್ರವನ್ನು ತಂದೆಯ ಹೆಸರಿನಲ್ಲಿ ತರಬೇಕೋ ಗಂಡನ ಹೆಸರಿನಲ್ಲಿ ತರಬೇಕೋ ಎಂಬ ಪ್ರಶ್ನೆ ಹೈಕೋರ್ಟಿನ ಮೆಟ್ಟಿಲೇರಿ 2023ರ ಅಕ್ಟೋಬರ್‌ವರೆಗೂ ಅಲ್ಲೇ ಕುಳಿತಿತ್ತು. ಗಂಡನ ವರಮಾನ ಇತ್ಯರ್ಥವಾಗದೆ ಹೆಂಡತಿ ಭಿನ್ನರಾಶಿ ಕಲಿಸುವುದು ಅಪಾಯಕಾರಿ ಎಂದು ಯಾರೋ ದೂರದರ್ಶಿಗಳಿಗೆ ಅನ್ನಿಸಿರಬೇಕು. ಪರೀಕ್ಷೆ ನಡೆದ ವರ್ಷ ಆರನೇ ತರಗತಿಗೆ ಕಾಲಿಟ್ಟ ಹುಡುಗ ಅಷ್ಟರಲ್ಲಿ ಏಳನೆಯದರಲ್ಲೂ ಅರ್ಧ ವರ್ಷ ಕಳೆದಿದ್ದ.

ಖಾಲಿ ಕುರ್ಚಿಗೆ ಅತಿಥಿ ಶಿಕ್ಷಕರಿದ್ದಾರಲ್ಲ ಎನ್ನಬಹುದು. ಇದ್ದಾರೆ. 2025ರ ಬಜೆಟ್ಟಿನಲ್ಲಿ ಅವರ ತಿಂಗಳ ಗೌರವಧನಕ್ಕೆ 2,000 ರೂಪಾಯಿ ಸೇರಿಸಲಾಯಿತು. ಬೇಸಿಗೆ ರಜೆಯಲ್ಲಿ ಮಾತ್ರ ಗೌರವವೂ ಇಲ್ಲ, ಧನವೂ ಇಲ್ಲ.

ಇನ್ನು ಕಾಯಂ ಶಿಕ್ಷಕಿಯ ದಿನಚರಿ. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳನ್ನು ಒಟ್ಟಿಗೆ ಕೂರಿಸಿದ ನಲಿ-ಕಲಿ ಕೊಠಡಿ. ಪ್ರಾರ್ಥನೆ ಮುಗಿದು ಹಾಲಿನ ಲೋಟ ತೊಳೆಯುವ ಹೊತ್ತಿಗೆ ಹಾಜರಾತಿ ಆನ್‌ಲೈನಿಗೆ ಏರಬೇಕು. ಅದು ಏರುವುದರೊಳಗೆ ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣು ಬೇಕೆಂದವರೆಷ್ಟು ಎಂಬ ಲೆಕ್ಕ ಅಡುಗೆಮನೆಗೆ ಹೋಗಬೇಕು. ನಡುವೆ ಕ್ಲಸ್ಟರಿನ ವಾಟ್ಸಾಪ್ ಗುಂಪಿನಲ್ಲಿ ‘ತುರ್ತು’ ಎಂಬ ತಲೆಬರಹದಡಿ ಮತ್ತೊಂದು ನಮೂನೆ ಬಂದಿರುತ್ತದೆ. ಮುಂದಿನ ಸಾಲಿನ ಪುಟ್ಟ ಹುಡುಗಿ ಎದ್ದು ನಿಂತು, “ಟೀಚರ್, ಇವತ್ತಾದ್ರೂ ಕಥೆ ಹೇಳ್ತೀರಾ?” ಎಂದರೆ, ಟೀಚರ್ ಫೋನಿನಿಂದ ತಲೆ ಎತ್ತದೆ, “ತಡಿಯವ್ವ, ಸರ್ವರ್ ಬರ್ಲಿ” ಎನ್ನುತ್ತಾರೆ. ಸರ್ವರ್ ಎಂದರೆ ಇನ್ನೂ ಬರದ ಹೊಸ ಮೇಷ್ಟ್ರೆಂದು ಆ ಮಗು ನಂಬಿದ್ದರೆ ಅದನ್ನು ತಪ್ಪೆನ್ನಲಾಗದು.

ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗೆ ಮಾತ್ರ ಅದರಲ್ಲಿ ವಿನಾಯಿತಿ. 2025ರ ಸೆಪ್ಟೆಂಬರ್ 22ರಂದು ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ, ಜನರ ಬಾಯಲ್ಲಿ ಜಾತಿಗಣತಿ, ಆರಂಭವಾಗಿ ಮೇಷ್ಟ್ರುಗಳನ್ನು ಮನೆ ಮನೆಗೆ ಅಟ್ಟಿದಾಗ ಅದನ್ನು ಈ ಮೂರರಲ್ಲಿ ಯಾವುದಕ್ಕೆ ಸೇರಿಸಿಕೊಂಡರೋ ತಿಳಿಯದು. ವಿಪತ್ತು ಎಂಬುದು ಮೇಷ್ಟ್ರುಗಳ ಒಮ್ಮತದ ಅಭಿಪ್ರಾಯವಿದ್ದೀತು. ಅರವತ್ತು ಪ್ರಶ್ನೆ, ಒಂದು ಆ್ಯಪ್, ಬಾಗಿಲಿಗೆ ಸ್ಟಿಕರ್. ದಸರಾ ರಜೆ ಕರಗಿತು, ಸಮೀಕ್ಷೆ ಕರಗಲಿಲ್ಲ. ಆದ್ದರಿಂದ ಶಾಲೆಯ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆಯಲಾಯಿತು. ಭಟ್ಟಿಯ ಓಣಿಯಲ್ಲಿ ಮೇಷ್ಟ್ರು ಬಾಗಿಲು ತಟ್ಟಿದಾಗ ತೆರೆದವನು ಅವರ ತರಗತಿಯ ಹುಡುಗನೇ ಆಗಿದ್ದರೆ ಆಶ್ಚರ್ಯವಿಲ್ಲ. ತಾಯಿಯ ಫೋನಿಗೆ ಬಂದ ಒಟಿಪಿಯನ್ನು ಅವನು ಒಂದೊಂದೇ ಅಂಕಿಯಾಗಿ ತಪ್ಪಿಲ್ಲದೆ ಓದಿ ಹೇಳಿದ್ದರೆ, ಆ ತಿಂಗಳು ಅವನಿಗೆ ದಕ್ಕಿದ ಗಣಿತ ಅಷ್ಟೇ.

ತಪ್ಪಿಹೋದ ಪಾಠಗಳನ್ನು ವಿಶೇಷ ತರಗತಿ ನಡೆಸಿ ಸರಿದೂಗಿಸಬೇಕಿತ್ತು. ಯಾರು ನಡೆಸಬೇಕು? ಅದೇ ಮೇಷ್ಟ್ರು. ಹಳಿಯ ಆಚೆ ಬದಿಯ ಮಕ್ಕಳಿಗೆ ಈ ತಾಪತ್ರಯವಿಲ್ಲ. ಅವರ ಖಾಸಗಿ ಶಾಲೆಯ ಶಿಕ್ಷಕರನ್ನು ಯಾರೂ ಓಣಿ ಓಣಿ ಅಲೆಸಲಿಲ್ಲ, ಸಂಜೆಗೆ ಟ್ಯೂಷನ್ ಹೇಗೂ ಇದ್ದೇ ಇತ್ತು.

ಹಾಗೆಂದು ಸರ್ಕಾರ ಶಾಲೆಗೆ ಏನನ್ನೂ ಕೊಟ್ಟಿಲ್ಲ ಎಂದರೆ ನಾಲಿಗೆಗೆ ಹುಳು ಬಿದ್ದೀತು. ನೆರೆಯ ಚಿತ್ರದುರ್ಗ 2023ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂದಿತ್ತು. ಮರುವರ್ಷ ನಕಲು ತಡೆಯಲೆಂದು ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಮೊದಲ ಸ್ಥಾನ ಉಡುಪಿಗೆ ಹೋಯಿತು, ಕೃಪಾಂಕ ಹೆಚ್ಚಿಸಿದರೂ ರಾಜ್ಯದ ಫಲಿತಾಂಶ 83.89ರಿಂದ ಶೇ 73.40ಕ್ಕೆ ಇಳಿಯಿತು. ಮಕ್ಕಳಿಗೆ ಏನು ಬರುವುದಿಲ್ಲ ಎಂಬುದನ್ನು ಕ್ಯಾಮೆರಾ ಇಷ್ಟು ಚೊಕ್ಕವಾಗಿ ತೋರಿಸಿಕೊಟ್ಟ ಮೇಲೆ ಅದನ್ನು ಕಲಿಸುವವರಿಗಾಗಿ ಅವಸರ ಪಡಬೇಕಾದ ಅಗತ್ಯ ಯಾರಿಗೂ ಕಾಣಲಿಲ್ಲ. ಮೇಷ್ಟ್ರ ಕುರ್ಚಿ ಖಾಲಿ ಇದ್ದರೂ ಗೋಡೆಯ ಮೂಲೆಯ ಕ್ಯಾಮೆರಾ ಹುದ್ದೆ ಒಂದು ಪರೀಕ್ಷೆಗೂ ಖಾಲಿ ಬಿದ್ದಿಲ್ಲ. ಅದನ್ನು ಸಮೀಕ್ಷೆಗೆ ಕಳುಹಿಸಲು ಬರುವುದಿಲ್ಲ, ಗಂಡನ ಆದಾಯ ಪ್ರಮಾಣಪತ್ರವನ್ನೂ ಕೇಳಬೇಕಾಗಿಲ್ಲ.